ಕೊನೆಯ ಬೋಗಿಯ ಕಾಟು

ನಮ್ಮೂರಿನಲ್ಲಿ ಪ್ಯಾಸೆಂಜರ್ ಗಾಡಿ ನಿಲ್ಲುತ್ತಿದ್ದ ಕಾಲದಲ್ಲಿ ಹಳಿ ದಾಟುವುದಕ್ಕೆ ಒಂದೇ ನಿಯಮವಿತ್ತು. ಗಾಡಿ ಬರುವ ಮುಂಚೆ ದಾಟಬಾರದು, ಗಾಡಿ ಹೋದ ಕೂಡಲೇ ದಾಟಬೇಕು. ಗಾಡಿ ಪೂರ್ತಿ ಹೋಯಿತು ಎನ್ನುವುದಕ್ಕೆ ಗುರುತು ಕೊನೆಯ ಬೋಗಿಯ ಬೆನ್ನಿಗೆ ಹಳದಿ ಬಣ್ಣದಲ್ಲಿ ಬಳಿದಿದ್ದ ದೊಡ್ಡ ಕಾಟು. ಶಾಲೆಯಲ್ಲಿ ಮೇಷ್ಟ್ರು ತಪ್ಪು ಉತ್ತರದ ಮೇಲೆ ಎಳೆಯುತ್ತಿದ್ದರಲ್ಲ, ಅಂಥದ್ದೇ. ನನಗೆ ನಾಲ್ಕೋ ಐದೋ ವರ್ಷವಿದ್ದಾಗ ಅವ್ವ ನನ್ನ ರಟ್ಟೆ ಹಿಡಿದು ಹಳಿಯಿಂದ ಹತ್ತು ಹೆಜ್ಜೆ ಹಿಂದೆ ನಿಲ್ಲಿಸುತ್ತಿದ್ದಳು. ಗಾಡಿ ಹೋಗುತ್ತಿದ್ದಂತೆ ಕೇಳುತ್ತಿದ್ದಳು.

"ಕಾಟು ಕಂಡ್ತೇನೇ?"

"ಕಂಡ್ತವ್ವ."

"ಹಂಗಾರೆ ನಡಿ."

ಆ 'ನಡಿ' ಬಾಯಿಂದ ಬೀಳುವುದರೊಳಗೆ ನಮ್ಮ ಕಾಲು ಹಳಿಯ ಮೇಲಿರುತ್ತಿತ್ತು. ಆ ಕಡೆ ಈ ಕಡೆ ನೋಡುತ್ತಿರಲಿಲ್ಲ. ನೋಡುವ ಅಗತ್ಯವಿರಲಿಲ್ಲ.

ಈ ನಿಯಮ ಆಗ ತಪ್ಪಾಗಿರಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡಬೇಕು. ಮುಂದೆ ಆದದ್ದನ್ನು ಓದಿದವರಿಗೆ ನಮ್ಮವರು ತಿಳಿಗೇಡಿಗಳೆಂದು ಅನಿಸಬಾರದು.

ನಮ್ಮೂರು ದಾವಣಗೆರೆಯಿಂದ ಬಾತಿ ದಾಟಿದ ಮೇಲೆ ಹರಿಹರದ ಕಡೆಗೆ ಬರುತ್ತದೆ. ಸ್ಟೇಷನ್ ಎನ್ನುವಂಥದ್ದೇನೂ ಇರಲಿಲ್ಲ. ಮೊಣಕಾಲೆತ್ತರದ ಒಂದು ಪ್ಲಾಟ್‌ಫಾರ್ಮು, ಒಂದು ಬೇವಿನ ಮರ, ಟಿಕೆಟ್ ಕೊಡುವ ಒಂದು ಕೋಣೆ, ಅಷ್ಟೆ. ಟಿಕೆಟ್ ಕೊಡುತ್ತಿದ್ದವರು ಊರಿನವರೇ, ಕಮಿಷನ್ ಮೇಲೆ. ನಾವೆಲ್ಲ ಅವರನ್ನು ಟಿಕೆಟ್ ಕಾಕಾ ಎಂದೇ ಕರೆಯುತ್ತಿದ್ದೆವು. ಅವರೇ ಒಮ್ಮೆ ನನಗೆ ಬಿಡಿಸಿ ಹೇಳಿದ್ದರು. "ಇರೋದು ಒಂದೇ ಲೈನು ಮಗಾ. ದಾವಣಗೆರೆಗೂ ಹರಿಹರಕ್ಕೂ ನಡುವೆ ಒಂದು ಗಾಡಿ ಐತೆ ಅಂದ್ರೆ ಇನ್ನೊಂದಕ್ಕೆ ದಾರಿ ಇಲ್ಲ. ಇದು ಅಲ್ಲಿಗೆ ಮುಟ್ಟಿದ ಮ್ಯಾಲೇ ಅದನ್ನ ಬಿಡ್ತಾರೆ. ಅದಕ್ಕೇ ನಿಮ್ಮವ್ವ ಹೇಳಿದ್ದು ಸರಿ. ಗಾಡಿ ಹಿಂದೇನೇ ದಾಟಿದೋರಷ್ಟು ಗಟ್ಟಿ ಯಾರೂ ಇಲ್ಲ."

ದಿನದ ಇಪ್ಪತ್ನಾಲ್ಕು ಗಂಟೆಯಲ್ಲಿ ಹಳಿಯ ಮೇಲೆ ಭಯವೇ ಇಲ್ಲದ ಗಳಿಗೆ ಎಂದರೆ ಕೊನೆಯ ಬೋಗಿ ಹೋದ ಮರುಗಳಿಗೆ. ಊರಿಗೆ ಊರೇ ಅದನ್ನು ಕಲಿತಿತ್ತು. ಮನೆಗಳು ಹಳಿಯ ಈಚೆಗೆ, ಗದ್ದೆ ಮತ್ತು ಕಾಲುವೆ ಆಚೆಗೆ. ಹುಲ್ಲಿನ ಹೊರೆ, ಬಟ್ಟೆಯ ಗಂಟು, ದನ, ಬಸುರಿ ಹೆಂಗಸರು, ಎಲ್ಲರೂ ದಾಟುತ್ತಿದ್ದುದು ಕಾಟಿನ ಹಿಂದೆಯೇ.

ನಾನು ದಾವಣಗೆರೆಯಲ್ಲಿ, ಮಂಡಿಪೇಟೆಯ ಹಿಂದಿನ ಬೀದಿಯ ಒಂದು ಸಗಟು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬಂದ ಪೆಟ್ಟಿಗೆಗಳನ್ನು ಬಿಚ್ಚಿ, ತಾರೀಖು ನೋಡಿ, ಅವಧಿ ಮುಗಿದವನ್ನು ಬೇರೆ ಇಡುವುದು ನನ್ನ ಕೆಲಸ. ಹದಿನೆಂಟು ವರ್ಷ ಬೆಳಗಿನ ಎಂಟೂಕಾಲಿನ ಪ್ಯಾಸೆಂಜರಿಗೇ ಹೋದೆ. ಹರಿಹರದ ಕಡೆಯಿಂದ ಬರುತ್ತಿದ್ದ ಆ ಗಾಡಿಯ ಕೊನೆಯ ಬೋಗಿ ಬೇವಿನ ಮರದ ಎದುರಿಗೆ ನಿಲ್ಲುತ್ತಿತ್ತು. ಅದೇ ನಮ್ಮ ಮನೆಯ ದಾರಿಗೆ ಹತ್ತಿರ, ಆದ್ದರಿಂದ ಅದೇ ನನ್ನ ಬೋಗಿ. ಮಲೆಬೆನ್ನೂರಿನ ಕಡೆಯ ನಾಲ್ಕೈದು ಹೆಂಗಸರು ಹರಿಹರದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿ ಸೊಪ್ಪಿನ ಗಂಟುಗಳ ಜೊತೆ ಗಾಡಿ ಹತ್ತಿರುತ್ತಿದ್ದರು. ನನ್ನನ್ನು ಕಂಡ ಕೂಡಲೇ ಶುರು.

"ಬಂದ್ರು ನೋಡ್ರೇ ಮಾತ್ರೆ ಮೇಡಮ್ಮು. ಜಾಗ ಬಿಡ್ರಿ."

"ಮೇಡಮ್ಮಾರೆ, ಮಂಡಿ ನೋವಿಗೆ ಒಂದು ಮಾತ್ರೆ ತರ್ರಿ ಅಂದ್ರೆ ದಿನಾ ಮರೀತೀರಲ್ರಿ. ಡೇಟ್ ಆಗಿದ್ದಾದ್ರೂ ನಡೀತೈತೆ. ನಮ್ಮ ಮಂಡಿಗೂ ಡೇಟ್ ಆಗೇತಿ."

ಬೋಗಿ ತುಂಬ ನಗು. ನಾನು ನಗುತ್ತಲೇ ಬಾಗಿಲ ಬಳಿ ನಿಂತು ಹಿಂದಕ್ಕೆ ನೋಡುತ್ತಿದ್ದೆ. ಅವ್ವ ದಿನವೂ ನನ್ನನ್ನು ಹತ್ತಿಸಲು ಬರುತ್ತಿದ್ದಳು. ಹತ್ತಿಸಲು ಎಂದು ನಾನು ತಿಳಿದಿದ್ದೆ. ಬರುತ್ತಿದ್ದುದು ದಾಟಲು. ಗಾಡಿ ಹೊರಟು ನನ್ನ ಬೋಗಿ ಮರವನ್ನು ಬಿಡುತ್ತಿದ್ದಂತೆ ಅವಳು ಎಮ್ಮೆಯ ಹಗ್ಗ ಹಿಡಿದು ಹಳಿಗೆ ಇಳಿಯುತ್ತಿದ್ದಳು. ತಿರುವು ಬರುವವರೆಗೂ ನನಗೆ ಕಾಣುತ್ತಿತ್ತು: ಹಳಿಯ ನಡುವೆ ಅವ್ವ, ಅವಳ ಮಗ್ಗುಲಿಗೆ ಎಮ್ಮೆ. ನನ್ನನ್ನು ಕರೆದೊಯ್ಯುವ ಬೋಗಿಯ ಕಾಟನ್ನೇ ನೋಡಿ ಅವಳು ಕಾಲಿಡುತ್ತಿದ್ದಳು. ಹದಿನೆಂಟು ವರ್ಷ ನನ್ನ ತಾಯಿ ರೈಲು ಹಳಿಯ ಮೇಲೆ ನಿಂತಿರುವುದನ್ನು ನೋಡುತ್ತ ಕೆಲಸಕ್ಕೆ ಹೋದೆ. ಒಂದು ದಿನವೂ ಎದೆ ಅಳುಕಲಿಲ್ಲ.

ಕೊರೊನಾ ಬಂದ ವರ್ಷ ಎಲ್ಲ ಗಾಡಿಗಳೂ ನಿಂತವು. ನಮ್ಮ ಪ್ಯಾಸೆಂಜರಿನ ಕೊನೆಯ ದಿನ ಯಾವುದು ಎಂದು ನನಗೆ ಇವತ್ತಿಗೂ ಸರಿಯಾಗಿ ನೆನಪಿಲ್ಲ. ಕೊನೆಯದೆಂದು ಯಾರಿಗೂ ಗೊತ್ತಿರಲಿಲ್ಲವಲ್ಲ. ಟಿಕೆಟ್ ಕಾಕಾ ಗಟ್ಟಿ ಕಾಗದದ ಟಿಕೆಟ್ಟಿನ ಕಟ್ಟನ್ನು ಕೋಣೆಯೊಳಗೇ ಇಟ್ಟು ಬೀಗ ಹಾಕಿ, "ಹದಿನೈದು ದಿವಸ ರಜಾ ಕಣ್ರೇ" ಎಂದಿದ್ದರು. ಹಳಿಯ ಮೇಲೆ ತುಕ್ಕು ಹಿಡಿಯಿತು. ಪ್ಲಾಟ್‌ಫಾರ್ಮಿನ ಬಿರುಕಿನಲ್ಲಿ ಗರಿಕೆ ಎದ್ದಿತು. ಆ ತಿಂಗಳುಗಳಲ್ಲಿ ಊರಿನವರು ಯಾವಾಗ ಬೇಕೋ ಆವಾಗ ದಾಟಿದರು. ಆಮೇಲೆ ಗೂಡ್ಸ್ ಗಾಡಿಗಳು ಬಂದವು. ಎಕ್ಸ್‌ಪ್ರೆಸ್‌ಗಳು ಬಂದವು. ನಮ್ಮದು ಬರಲಿಲ್ಲ. ಊರಿನ ಹತ್ತು ಜನ ದಾವಣಗೆರೆಗೆ ಹೋಗಿ ಅರ್ಜಿ ಕೊಟ್ಟು ಬಂದರು. ತೆಗೆದುಕೊಂಡವರು ಮರ್ಯಾದೆಯಿಂದಲೇ ತೆಗೆದುಕೊಂಡರಂತೆ. ನಾನು ರಸ್ತೆಯವರೆಗೆ ನಡೆದು ಬಸ್ಸು ಹಿಡಿಯತೊಡಗಿದೆ. ಸೊಪ್ಪಿನ ಹೆಂಗಸರನ್ನು ಮತ್ತೆ ನೋಡಲಿಲ್ಲ.

ಅದರ ಬೆನ್ನಿಗೇ ಎರಡನೆಯ ಲೈನಿನ ಕೆಲಸ ನಮ್ಮೂರಿಗೆ ಬಂತು. ಗದ್ದೆಯ ಕಡೆಗೆ ಮಣ್ಣು ಏರಿಸಿದರು, ಜಲ್ಲಿ ಸುರಿದರು, ಹಳಿ ಹಾಕಿದರು, ಕಂಬ ನೆಟ್ಟು ತಂತಿ ಎಳೆದರು. ಟಿಕೆಟ್ ಕೋಣೆ ಹೋಯಿತು, ಬೇವಿನ ಮರ ಉಳಿಯಿತು. ನಾವು ಖುಷಿಯಿಂದಲೇ ನೋಡಿದೆವು. "ಎರಡು ಲೈನಾತು ಅಂದ್ರೆ ಎರಡು ಪ್ಯಾಸೆಂಜರ್ ಬಿಡಬೌದು ಬಿಡೇ" ಎಂದು ಅವ್ವ ತಮಾಷೆ ಮಾಡಿದಳು. ದಾಟಬಾರದೆಂದು ಬೋರ್ಡು ಹಾಕಿದರು. ಒಂದು ಮೈಲಿ ದೂರದಲ್ಲಿ ಹಳಿಯ ಕೆಳಗೆ ಹಾದು ಹೋಗುವ ದಾರಿಯನ್ನೂ ಮಾಡಿದರು. ಬೇಸಿಗೆಯಲ್ಲಿ ಅದು ಸಲೀಸು. ಕಾಲುವೆಗೆ ನೀರು ಬಿಟ್ಟ ಮೇಲೆ ಅಲ್ಲಿ ತೊಡೆಮಟ್ಟ ನೀರು ನಿಲ್ಲುತ್ತದೆ.

ಪ್ಯಾಸೆಂಜರಿನ ಹೊತ್ತಿಗೇ, ಎಂಟೂಕಾಲಿನ ಆಸುಪಾಸಿಗೆ, ಈಗ ಹರಿಹರದ ಕಡೆಯಿಂದ ಒಂದು ಎಕ್ಸ್‌ಪ್ರೆಸ್ ಬರುತ್ತದೆ. ನಿಲ್ಲುವುದಿಲ್ಲ. ಮನೆಯ ಕಡೆಗಿರುವ ಹಳೇ ಲೈನಿನ ಮೇಲೆಯೇ ಹೋಗುತ್ತದೆ. ಅದರ ಬೆನ್ನಿಗೂ ಕಾಟು ಇದೆ.

ಎಮ್ಮೆ ಸತ್ತ ದಿನ ನಾನು ಬಸ್ಸಿಗೆ ಹೊರಟಿದ್ದೆ. ಒಂದು ಗದ್ದೆಯಷ್ಟು ದೂರದಿಂದ ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಎಕ್ಸ್‌ಪ್ರೆಸ್ ಬಂತು, ಹೋಯಿತು. ಅದರ ಹಿಂದೆಯೇ ಎಮ್ಮೆ ಇಳಿಯಿತು. ಅವ್ವ ಅದನ್ನು ಹೊಡೆಯಲಿಲ್ಲ, ಎಳೆಯಲೂ ಇಲ್ಲ. ಅದು ತಾನಾಗಿಯೇ, ಎಂದಿನಂತೆ ಇಳಿಯಿತು. ಅವ್ವ ಎರಡು ಹೆಜ್ಜೆ ಹಿಂದೆ ಇದ್ದಳು. ಹಳೇ ಲೈನಿಗೂ ಹೊಸ ಲೈನಿಗೂ ನಡುವೆ ಆರು ಹೆಜ್ಜೆ. ಅಲ್ಲಿ ಅವಳ ಕುಡುಗೋಲು ಬಿತ್ತು, ಎತ್ತಿಕೊಳ್ಳಲು ಬಗ್ಗಿದಳು. ಎಮ್ಮೆ ನಿಲ್ಲಲಿಲ್ಲ. ದಾವಣಗೆರೆಯ ಕಡೆಯಿಂದ ಹೊಸ ಲೈನಿನ ಮೇಲೆ ಗೂಡ್ಸ್ ಬಂತು. ಅಷ್ಟು ಹೊತ್ತು ಅದು ಬರುವುದು ಎಕ್ಸ್‌ಪ್ರೆಸ್ಸಿನ ಮರೆಯಲ್ಲಿ ಕಂಡಿರಲಿಲ್ಲ. ಎಕ್ಸ್‌ಪ್ರೆಸ್ಸಿನ ಸದ್ದಿನಲ್ಲಿ ಕೇಳಿಸಿಯೂ ಇರಲಿಲ್ಲ. ಕರೆಂಟಿನ ಇಂಜಿನ್ನು ದೂರದಲ್ಲಿರುವಾಗ ಸದ್ದೇ ಮಾಡುವುದಿಲ್ಲ.

ಹಗ್ಗ ಅವ್ವನ ಅಂಗೈಯ ಚರ್ಮ ಕಿತ್ತುಕೊಂಡು ಹೋಗಿತ್ತು. ನಾನು ಓಡಿ ಬರುವ ಹೊತ್ತಿಗೆ ಅವಳು ಎರಡು ಲೈನಿನ ನಡುವೆ, ಬಗ್ಗಿದ ಹಾಗೆಯೇ ಇದ್ದಳು. ಗೂಡ್ಸ್ ಇನ್ನೂ ಹೋಗುತ್ತಲೇ ಇತ್ತು. ಕೊನೆಗೆ ಅದರ ಕಾಟೂ ಬಂತು.

"ಎಮ್ಮಿಗೆ ಕಿವಿ ಮಂದ ಆಗಿತ್ತು" ಎಂದಳು ಅವ್ವ, ಮಧ್ಯಾಹ್ನ ಅರಿಶಿನ ಹಚ್ಚಿಸಿಕೊಳ್ಳುತ್ತ. "ವಯಸ್ಸಾಗಿತ್ತಲ್ಲ."

ಎಮ್ಮೆಗೆ ಕಿವಿ ಮಂದವಾಗಿರಲಿಲ್ಲ. ಅವ್ವ ಕಲಿಸಿದ್ದನ್ನು ಅದು ಒಂದಿಷ್ಟೂ ತಪ್ಪಿಲ್ಲದೆ ಮಾಡಿತ್ತು. ಆ ರಾತ್ರಿ ಅವ್ವನ ಕಾಲುಗಳನ್ನೇ ನೋಡುತ್ತ ಕೂತೆ. ಎಮ್ಮೆಗಿಂತ ಐವತ್ತು ವರ್ಷ ಹೆಚ್ಚು ಕಲಿತ ಕಾಲುಗಳು.

ಅವತ್ತಿನಿಂದ ನನ್ನ ಮನಸ್ಸಿನಲ್ಲಿ ಬೇರೆ ಯಾವುದಕ್ಕೂ ಜಾಗವಿರಲಿಲ್ಲ. ಅವ್ವ ಕಾಟಿನ ಹಿಂದೆ ದಾಟುವುದನ್ನು ಬಿಡಬೇಕು. ಬಿಡದಿದ್ದರೆ ಯಾವುದೋ ಒಂದು ದಿನ ಕುಡುಗೋಲು ಕೈಯಿಂದ ಬೀಳುವುದಿಲ್ಲ.

ಅಡುಗೆಮನೆಯ ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಎರಡು ಲೈನು ಎಳೆದು ತೋರಿಸಿದೆ. ಎರಡು ಬೆಂಕಿಪೊಟ್ಟಣ ಇಟ್ಟೆ. ಇದು ಹೋದಾಗ ಅದು ಬರಬಹುದು, ಇದರ ಮರೆಯಲ್ಲಿ ಅದು ಕಾಣುವುದಿಲ್ಲ. ಅವ್ವ ಬೆಂಕಿಪೊಟ್ಟಣಗಳನ್ನು ಕೈಗೆ ತೆಗೆದುಕೊಂಡು, ನನಗಿಂತ ಚೆನ್ನಾಗಿ ಅದನ್ನೇ ತಿರುಗಿ ಹೇಳಿದಳು. ಪಕ್ಕದ ಮನೆಯವಳನ್ನು ಕರೆದು ಅವಳಿಗೂ ಹೇಳಿಕೊಟ್ಟಳು. ಮಾರನೆಯ ದಿನ ನಾನು ಅಂಗಡಿಯಲ್ಲಿದ್ದಾಗ ಟಿಕೆಟ್ ಕಾಕಾ ಫೋನ್ ಮಾಡಿದರು. ಕೋಣೆ ಹೋದ ಮೇಲೂ ಬೆಳಗಿನ ಹೊತ್ತು ಅವರು ಬೇವಿನ ಮರದ ಕೆಳಗೇ ಕೂಡುತ್ತಿದ್ದರು.

"ನಿಮ್ಮವ್ವ ಇವತ್ತೂ ಹಂಗೇ ದಾಟಿದ್ಲು ಮಗಾ. ನಾ ಕೂಗಿದೆ. 'ನಾನು ದಾಟಿಲ್ಲ ತಮ್ಮಾ, ನಿಂತಿದ್ದೆ' ಅಂತಾಳೆ. ಅನ್ನೋದು ಆ ಕಡೆ ನಿಂತ್ಕಂಡು!"

ಸಂಜೆ ಕೇಳಿದೆ. ಅವ್ವ ಸಿಟ್ಟಾದಳು. "ನಾನ್ಯಾಕ ಸುಳ್ಳು ಹೇಳ್ಲಿ? ನೋಡಿದೆ, ನಿಂತೆ, ಆಮ್ಯಾಲೆ ಹೋದೆ. ಅವನಿಗೆ ಮಾಡಾಕ ಕೆಲಸ ಇಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ತಾನು ನಿಂತಿದ್ದೆ ಎಂದೇ ಅವಳು ನಂಬಿದ್ದಳು.

ಗದ್ದೆಯನ್ನು ಬೇರೆಯವರಿಗೆ ಮಾಡಲು ಕೊಡೋಣ ಎಂದೆ. "ಕೊಡು. ಅವರು ದಾಟಲ್ವಾ?" ಎಂದಳು. ಎಮ್ಮೆ ಬಿಟ್ಟುಹೋದ ಮಣಕವೊಂದು ಕೊಟ್ಟಿಗೆಯಲ್ಲಿತ್ತು, ಅದಕ್ಕೆ ಹುಲ್ಲು ಬೇಕಿತ್ತು. ದಿನವೂ, ಅವ್ವ ದಾಟಿ ಬಂದಳೋ ಇಲ್ಲವೋ ಎಂದು ಮಾತ್ರೆಯ ಪೆಟ್ಟಿಗೆಗಳ ಮುಂದೆ ನನ್ನ ಕೈ ನಿಲ್ಲುತ್ತಿತ್ತು. ತಾರೀಖು ನೋಡಿದರೂ ತಲೆಗೆ ಹೋಗುತ್ತಿರಲಿಲ್ಲ. ಒಂದೇ ಪೆಟ್ಟಿಗೆಯನ್ನು ಮೂರು ಸಲ ತಿರುವಿ ನೋಡಿದ್ದೂ ಉಂಟು.

ಶ್ರಾವಣದಲ್ಲಿ ಒಂದು ದಿನ ರಜೆ ಹಾಕಿದೆ. ಜಾಗದಲ್ಲೇ ನಿಂತು ಅವಳಿಗೆ ಕಲಿಸಬೇಕು ಎಂದು. ಜಿನುಗು ಮಳೆ ಬಿದ್ದು ಬಿಟ್ಟಿತ್ತು, ಕೆಳಗಿನ ದಾರಿಯಲ್ಲಿ ನೀರಿತ್ತು. ಅವ್ವ ಹಣೆಗೆ ವಿಭೂತಿ ಹಚ್ಚಿಕೊಂಡು, ಕುಡುಗೋಲು ಹಿಡಿದು ನನ್ನ ಜೊತೆ ಬಂದಳು. ಕಾಕಾ ಮರದ ಕೆಳಗೆ ಕೂತಿದ್ದರು.

"ಏನಕ್ಕಾ, ಇವತ್ತು ಪರೀಕ್ಷೆ ಏನು?" ಎಂದರು.

"ಹೂಂ ತಮ್ಮಾ. ಮೇಷ್ಟ್ರನ್ನ ಕರ್ಕಂಡು ಬಂದೀನಿ" ಎಂದಳು ಅವ್ವ.

ಹಳಿಯಿಂದ ಹತ್ತು ಹೆಜ್ಜೆ ಹಿಂದೆ ನಿಂತೆವು. ನನಗೆ ಗೊತ್ತಿಲ್ಲದೆಯೇ ನಾನು ಅವಳ ರಟ್ಟೆ ಹಿಡಿದಿದ್ದೆ. "ಗಾಡಿ ಹೋದ ಮ್ಯಾಲೆ ಏನು ಮಾಡ್ತಿ?" ಎಂದೆ.

"ನಿಂದ್ರತೀನಿ."

"ಎಲ್ಲೀಗಂಟ?"

"ಎರಡೂ ಲೈನು ಆ ತುದಿಯಿಂದ ಈ ತುದಿಗಂಟ ಬರಿದು ಕಾಣೋಗಂಟ. ಇನ್ನೆಷ್ಟು ಸಲ ಕೇಳ್ತಿಯೇ?"

ಎಕ್ಸ್‌ಪ್ರೆಸ್ ಬಂತು. ಗಾಳಿ ಸೆರಗನ್ನು ಎಳೆಯಿತು. ಅದು ಹೋಗುತ್ತಿರುವಷ್ಟು ಹೊತ್ತೂ ನಾನು ಗಾಡಿಯನ್ನು ನೋಡಲಿಲ್ಲ. ಅವ್ವನ ಪಾದಗಳನ್ನೇ ನೋಡುತ್ತಿದ್ದೆ. ಹವಾಯಿ ಚಪ್ಪಲಿ, ಎಡಗಾಲಿನದು ಉಂಗುಷ್ಠ ಕಿತ್ತು ಪಿನ್ನು ಹಾಕಿದ್ದು. ಹಿಮ್ಮಡಿ ನೆಲದಲ್ಲೇ ಇತ್ತು. ಅಲುಗಲಿಲ್ಲ. ಕಲಿತಳು ಎಂದುಕೊಂಡೆ. ಆ ಸಮಾಧಾನಕ್ಕೆ ಅವಳ ರಟ್ಟೆ ಬಿಟ್ಟು ತಲೆ ಎತ್ತಿದೆ. ಕೊನೆಯ ಬೋಗಿ ಹೋಗುತ್ತಿತ್ತು. ಕಾಟು ಕಂಡಿತು.

ಮುಂದಿನದನ್ನು ನಾನು ಮಾಡಿದೆ ಎಂದು ಬರೆಯಲು ಕೈ ಬರುವುದಿಲ್ಲ. ಆದರೆ ಮಾಡಿದವಳು ನಾನೇ. ಹಳೇ ಲೈನಿನ ಎರಡೂ ಹಳಿ ದಾಟಿ, ಆರು ಹೆಜ್ಜೆಯಲ್ಲಿ ಮೂರು ಹೆಜ್ಜೆ ಹೋಗಿದ್ದೆ. ಹೋಗುತ್ತಿದ್ದೇನೆ ಎಂದು ನನಗೆ ತಿಳಿದಿರಲಿಲ್ಲ. ನಾನು ಅವ್ವನ ಪಕ್ಕದಲ್ಲೇ ನಿಂತಿದ್ದೇನೆ ಎಂದೇ ಇದ್ದೆ. ಕಾಕಾ ಕೂಗಿದ್ದು ಕೇಳಿಸಿತು. ಅವ್ವನನ್ನು ಕೂಗುತ್ತಿದ್ದಾರೆ ಎಂದುಕೊಂಡೆ. ಆಗ ಜಡೆಯನ್ನು ಯಾರೋ ಹಿಂದಿನಿಂದ ಜಗ್ಗಿದರು. ಬೆನ್ನಡಿಯಾಗಿ ಜಲ್ಲಿಯ ಮೇಲೆ ಬಿದ್ದೆ. ಬಿದ್ದ ಮೇಲೆ ಇಂಜಿನ್ನಿನ ಕೂಗು ಕೇಳಿತು, ಅಥವಾ ಮೊದಲೇ ಕೂಗುತ್ತಿತ್ತೋ ಏನೋ. ನನ್ನ ಪಾದಗಳ ಆಚೆ, ಒಂದು ಮಾರಿನಷ್ಟು ದೂರದಲ್ಲಿ, ಗಾಲಿಗಳು ಹೋಗುತ್ತಿದ್ದವು. ನನ್ನ ಒಂದು ಚಪ್ಪಲಿ ಮುಂದೆ ಬಿದ್ದಿತ್ತು. ಗಾಡಿಯ ಗಾಳಿಗೆ ಅದು ಸ್ವಲ್ಪ ಸ್ವಲ್ಪವೇ ಹಳಿಯ ಕಡೆಗೆ ಸರಿಯುತ್ತಿತ್ತು.

ನನ್ನನ್ನು ಹಿಡಿಯುವುದಕ್ಕೆ ಅವ್ವ ಹಳೇ ಲೈನಿನೊಳಗೆ ಬಂದಿದ್ದಳು. ಎರಡು ಹಳಿಗಳ ನಡುವೆ ಮೊಣಕಾಲೂರಿ, ನನ್ನ ಜಡೆಯನ್ನು ಗಾಯದ ಅಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದಳು, ಎಮ್ಮೆಯ ಹಗ್ಗದ ಹಾಗೆ. ಆ ಲೈನಿನ ಮೇಲೆ ಇನ್ನೊಂದು ಗಾಡಿ ಆಗ ಬರಲಿಲ್ಲ. ಬರಲಿಲ್ಲ ಎನ್ನುವುದನ್ನು ಬಿಟ್ಟರೆ ನಾವು ಉಳಿದದ್ದಕ್ಕೆ ಬೇರೆ ಕಾರಣವಿಲ್ಲ.

ಮರದ ಕೆಳಗೆ ಬಂದ ಮೇಲೆ ಅವ್ವ ಅಳಲಿಲ್ಲ. "ಯಾರಿಗೆ ಪಾಠ ಹೇಳಾಕ ಬಂದಿದ್ಯೇ ನೀನು?" ಎಂದು ನನ್ನ ಬೆನ್ನಿಗೆ ಎರಡು ಗುದ್ದಿದಳು. ಆಮೇಲೆ ನನ್ನ ಮುಖವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು.

"ನಿನಗೆ ಗೊತ್ತಾತಾ, ಹೋಗಿದ್ದು?"

"ಇಲ್ಲವ್ವ."

"ಹಂಗಾರೆ ನನಗೂ ಗೊತ್ತಾಗ್ತಿರಲಿಲ್ಲ." ಅಂಗೈಯನ್ನು ಬಿಚ್ಚಿ ನೋಡಿಕೊಂಡಳು. ಗಾಯ ಮತ್ತೆ ಒಡೆದಿತ್ತು. "ಇವನು ಹೇಳಿದ್ದು ಖರೇನೇ. ನಿಂತೀನಿ ಅಂತ ಅಂದ್ಕಂಡೇ ದಾಟಿದೀನಿ ದಿನಾ."

ಕಾಕಾ ನೀರಿನ ಬಾಟಲಿ ಕೊಟ್ಟರು. "ನಾನೇ ಅಲ್ವಾ ನಿನಗೆ ಹೇಳಿದ್ದು ಮಗಾ, ಸಣ್ಣಾಕಿದ್ದಾಗ, ಗಾಡಿ ಹಿಂದೆ ದಾಟಿದೋರೇ ಗಟ್ಟಿ ಅಂತ" ಎಂದರು.

ಅವತ್ತು ಹುಲ್ಲಿಗೆ ಹೋಗಲಿಲ್ಲ. ಮಣಕಕ್ಕೆ ಒಣಹುಲ್ಲು ಹಾಕಿದೆವು. ಮಧ್ಯಾಹ್ನ ಅವ್ವ ರೊಟ್ಟಿ ತಟ್ಟುತ್ತಿದ್ದವಳು ತಟ್ಟುವುದನ್ನು ನಿಲ್ಲಿಸಿ ಹೇಳಿದಳು: "ಕಾಲಿಗೆ ಹೇಳಿದ್ರೆ ಕೇಳಂಗಿಲ್ಲ. ಕುಂಡಿಗೆ ಹೇಳ್ಬೇಕು."

"ಏನವ್ವ ಅಂದ್ರೆ?"

"ಕುಂದ್ರಬೇಕು. ಗಾಡಿ ಬರೋ ಮುಂಚೆ ನೆಲಕ್ಕೆ ಕುಂತುಬಿಡಬೇಕು. ನಮ್ಮಂಥೋರು ಏಳೋದು ಅಂದ್ರೆ ಸುಮ್ನೆ ಆಗತೈತೇನು? ಮಂಡಿ ಹಿಡ್ಕಂಡು, ಶಿವಾ ಅಂತ ಏಳೋ ಹೊತ್ತಿಗೆ ಆ ಕಡೆ ಗಾಡಿ ಇದ್ರೆ ಬಂದೇ ಬಿಟ್ಟಿರತೈತೆ."

ಇದಕ್ಕಿಂತ ಸರಿಯಾದ ಉಪಾಯವನ್ನು ನಾನು ಬೇರೆಲ್ಲೂ ಕೇಳಿಲ್ಲ. ನೀರಿಲ್ಲದ ದಿನಗಳಲ್ಲಿ ಅವಳು ಈಗ ಕೆಳಗಿನ ದಾರಿಯಲ್ಲೇ ಹೋಗುತ್ತಾಳೆ, ಹೋಗಿ ಬರಲು ಒಂದು ಗಂಟೆ ಹೆಚ್ಚಿಗೆ ಹಿಡಿದರೂ. ನೀರಿರುವ ದಿನಗಳಲ್ಲಿ ಮರದ ಕೆಳಗೆ, ಕಾಕಾನ ಪಕ್ಕದಲ್ಲಿ, ಕಾಲು ಚಾಚಿ ಕೂಡುತ್ತಾಳೆ. ಊರಿನ ಹೆಂಗಸರು ಮೊದಲು ನಕ್ಕರು. "ಏನಮ್ಮಾ, ಊಟಕ್ಕೆ ಕುಂತಂಗೆ ಕುಂತೀಯಲ್ಲ, ಎಲೆ ಹಾಕ್ಲಾ?" "ಹಾಕೇ. ನೀನೂ ಕುಂದ್ರು, ಬಡಿಸ್ತಾರೆ" ಎಂದಳಂತೆ. ಒಬ್ಬಿಬ್ಬರು ಕೂತರು. ಪಕ್ಕದ ಮನೆಯವಳು ಕೂಡುತ್ತಾಳೆ. ಉಳಿದವರು ಸೀರೆ ಕೆಸರಾಗುತ್ತದೆ ಎಂದು ನಿಂತೇ ಇರುತ್ತಾರೆ. ನಾನು ಮನೆಮನೆಗೆ ಹೋಗಿ, ಎರಡು ಬೆಂಕಿಪೊಟ್ಟಣ ಇಟ್ಟು ತೋರಿಸಿ ಬಂದೆ. ಎಲ್ಲರಿಗೂ ತಿಳಿಯುತ್ತದೆ. ಎಲ್ಲರೂ ನನಗೆ ತಿರುಗಿ ಸರಿಯಾಗಿಯೇ ಹೇಳುತ್ತಾರೆ.

ಹೋದ ಭಾನುವಾರ ನಾನೂ ಅವ್ವನ ಜೊತೆ ಹೋಗಿದ್ದೆ. ಐದು ಜನ ಕೂತಿದ್ದೆವು, ಏಳೆಂಟು ಜನ ನಿಂತಿದ್ದರು. ನಮ್ಮ ಮುಂದೆ ನಿಂತವಳು ಹೊಸದಾಗಿ ಮದುವೆಯಾಗಿ ಬಂದವಳು, ತಲೆಯ ಮೇಲೆ ಬುತ್ತಿಯ ಬುಟ್ಟಿ. ಎಕ್ಸ್‌ಪ್ರೆಸ್ ಬಂತು. ಅದು ಮುಗಿಯುತ್ತಿದ್ದಂತೆ ಅವಳ ಹಿಮ್ಮಡಿ ನೆಲ ಬಿಟ್ಟು ಮೇಲೇಳುವುದನ್ನು ನಾನು ನೋಡಿದೆ. ಈ ಊರಿಗೆ ಬಂದು ಆರು ತಿಂಗಳಾಗಿರಬಹುದು, ಆಗಲೇ ಯಾರೋ ಕಲಿಸಿದ್ದರು. ಅವ್ವ ಕೂತಲ್ಲಿಂದಲೇ ಎಡಗೈ ಚಾಚಿ ಅವಳ ಸೆರಗನ್ನು ಹಿಡಿದಳು.

"ಕುಂದ್ರವ್ವ" ಎಂದಳು. "ಬುಟ್ಟಿ ಇಳಿಸಿ ಕುಂದ್ರು."

ಹುಡುಗಿ ನಾಚಿಕೊಂಡು ಕೂತಳು. ಕೊನೆಯ ಬೋಗಿ ಮರವನ್ನು ದಾಟಿತು. ಕಾಟು ಕಂಡಿತು. ಕೂತಿದ್ದರೂ ನನ್ನ ತೊಡೆಯ ನರಗಳು ಬಿಗಿದವು, ಅಂಗೈ ತಾನಾಗಿ ನೆಲಕ್ಕೆ ಊರಿತು. ಏಳಲು ಹೋದರೆ ತಲೆ ಹಿಂದಕ್ಕೆ ಜಗ್ಗಿತು. ಅವ್ವನ ಬಲಗೈ ಮೊದಲಿನಿಂದಲೂ ನನ್ನ ಜಡೆಯ ಮೇಲೇ ಇತ್ತು.